ಭೀಷ್ಮನಿಗೆ ಬೆಲ್ಟು ಹಾಕಿದ್ದು

ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸಿ ಕೊಡುವವರು ಬೆಂಗಳೂರಿನಲ್ಲಿ ಇದ್ದಾರೆ. ಕ್ಯಾಸೆಟ್ಟೊಂದಕ್ಕೆ ಇಷ್ಟು ಎಂದು ದರ. ಚೀಲ ಕೊಟ್ಟು, ದುಡ್ಡು ಕೊಟ್ಟು, ವಾರ ಬಿಟ್ಟು ಹೋಗಿ ಪೆನ್‌ಡ್ರೈವ್ ಇಸಿದುಕೊಂಡು ಬಂದರಾಯಿತು. ಇದರಲ್ಲಿ ನನ್ನ ಬುದ್ಧಿಗೆ ಕೆಲಸವೇ ಇಲ್ಲವಲ್ಲ ಎಂಬ ಒಂದೇ ಕಾರಣಕ್ಕೆ ನಾನು ಅದನ್ನು ಮನೆಯಲ್ಲೇ ಮಾಡಲು ಹೊರಟೆ. ದುಡ್ಡು ಉಳಿಸಲು ನಾನು ಮನೆಯಲ್ಲೇ ಮಾಡಿದ ಕೆಲಸಗಳನ್ನೆಲ್ಲ ಆಮೇಲೆ ಎರಡರಷ್ಟು ದುಡ್ಡು ಕೊಟ್ಟು ಸರಿಮಾಡಿಸಿದ್ದೇವೆ ಎಂದು ನನ್ನ ಹೆಂಡತಿ ಹೇಳುವುದುಂಟು. ಗೀಸರು, ಮಿಕ್ಸಿ, ಬಚ್ಚಲಿನ ನಲ್ಲಿ. ಅವಳ ಬಳಿ ಪಟ್ಟಿಯೇ ಇದೆ. ಪಟ್ಟಿಯಲ್ಲಿ ಟೇಪ್ ರೆಕಾರ್ಡರಿನ ಹೆಸರು ಇನ್ನೂ ಸೇರಿರಲಿಲ್ಲ ಅಷ್ಟೆ.

ಕ್ಯಾಸೆಟ್ಟುಗಳು ಅಪ್ಪಯ್ಯನವು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ ನಮ್ಮದು. ಅಪ್ಪಯ್ಯನಿಗೆ ಹಗಲು ತೋಟ, ರಾತ್ರಿ ಯಕ್ಷಗಾನದ ಆಟ. ಆಟವಿಲ್ಲದ ಮಳೆಗಾಲದಲ್ಲಿ ಯಾರದಾದರೂ ಮನೆಯ ಜಗಲಿಯಲ್ಲಿ ತಾಳಮದ್ದಳೆ. ಎಂಬತ್ತರ ದಶಕದಲ್ಲಿ ಗಲ್ಫಿನಿಂದ ಬಂದವರೊಬ್ಬರಿಂದ ಒಂದು ಟೂ-ಇನ್-ಒನ್ ಕೊಂಡ ಮೇಲೆ ಅಪ್ಪಯ್ಯ ಬರಿಗೈಯಲ್ಲಿ ಆಟಕ್ಕೆ ಹೋದದ್ದೇ ಇಲ್ಲ. ಹೆಗಲಿಗೊಂದು ಚೀಲ, ಚೀಲದಲ್ಲಿ ಟೇಪ್ ರೆಕಾರ್ಡರ್, ದೊಡ್ಡ ಸೆಲ್ಲುಗಳು, ಖಾಲಿ ಕ್ಯಾಸೆಟ್ಟು, ಎಲೆ ಅಡಿಕೆ. ರಂಗಸ್ಥಳದ ಅಂಚಿಗೆ ಇಂಥ ಹುಚ್ಚರ ಟೇಪ್ ರೆಕಾರ್ಡರುಗಳು ಸಾಲಾಗಿ ಕೂತಿರುತ್ತಿದ್ದವು. ನಗುವುದು ಬೇಡ. 1990ರಲ್ಲಿ ರಸ್ತೆ ಅಪಘಾತದಲ್ಲಿ ಅಕಾಲಕ್ಕೆ ಹೋದ ಭಾಗವತ ಕಾಳಿಂಗ ನಾವಡರ ಪದ್ಯಗಳು ಇವತ್ತಿಗೂ ಕಿವಿಗೆ ಬೀಳುತ್ತಿದ್ದರೆ ಅದರಲ್ಲಿ ಈ ಹುಚ್ಚರ ಪಾಲೂ ಇದೆ.

ಅಪ್ಪಯ್ಯ ಹೋದ ಮೇಲೆ ಕ್ಯಾಸೆಟ್ಟುಗಳು ಅಟ್ಟಕ್ಕೆ ಹೋದವು. ಮಲೆನಾಡಿನ ಮಳೆಯಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಉಪ್ಪಿನಕಾಯಿಗೆ ಬೂಷ್ಟು ಬರುವ ಕಡೆ ಕ್ಯಾಸೆಟ್ಟಿಗೆ ಬರದೆ ಇರುತ್ತದೆಯೇ? ಅಮ್ಮ ಬೆಂಗಳೂರಿಗೆ ನಮ್ಮ ಜೊತೆ ಇರಲು ಬಂದಾಗ ಬಿಸ್ಕತ್ತಿನ ಡಬ್ಬಗಳಲ್ಲಿ ಅವೂ ಬಂದವು. "ಇದನ್ನೆಲ್ಲ ಒಂದು ಸಲ ಕೇಳಿ ಸಾಯ್ಬೇಕು ಮಾರಾಯ" ಎಂದಳು ಅಮ್ಮ. ಅಮ್ಮನ ಆರೋಗ್ಯ ನನಗಿಂತ ಚೆನ್ನಾಗಿದೆ. ಆದರೂ ಮಗನಾದವನಿಗೆ ಇಷ್ಟು ಸಾಕಲ್ಲ.

ಟೇಪ್ ರೆಕಾರ್ಡರ್ ಸಹ ಬಂದಿತ್ತು. ಬಟನ್ ಒತ್ತಿದರೆ ಒಳಗೆ ಮೋಟಾರು ಗುಂಯ್ ಎನ್ನುತ್ತಿತ್ತು, ಚಕ್ರ ಮಾತ್ರ ತಿರುಗುತ್ತಿರಲಿಲ್ಲ. ಬಿಚ್ಚಿದೆ. ಮೋಟಾರಿಗೂ ಗಾಲಿಗೂ ನಡುವೆ ರಬ್ಬರಿನ ಬೆಲ್ಟು ಇರುತ್ತದೆ; ವಯಸ್ಸಾದರೆ ಅದು ಸವೆಯುವುದಿಲ್ಲ, ಕರಗುತ್ತದೆ. ಕಡ್ಡಿಯಿಂದ ಮುಟ್ಟಿದರೆ ಜೋನಿಬೆಲ್ಲದ ಹಾಗೆ ನೂಲು ಬಿಟ್ಟಿತು. ಒರೆಸಿದಷ್ಟೂ ಹರಡಿತು. ಬಟ್ಟೆಯಿಂದ ಒರೆಸಿದೆ, ಆ ಬಟ್ಟೆ ಹಿಡಿದ ಕೈಯನ್ನು ಪಂಚೆಗೆ ಒರೆಸಿದೆ, ಬಾಯಾರಿ ಫ್ರಿಜ್ಜಿನ ಬಾಗಿಲು ತೆಗೆದೆ, ಕತ್ತಲಾಯಿತೆಂದು ಲೈಟಿನ ಸ್ವಿಚ್ಚು ಹಾಕಿದೆ. ಸಂಜೆ ಮನೆಗೆ ಬಂದ ಹೆಂಡತಿಗೆ ನಾನು ಮಧ್ಯಾಹ್ನದಿಂದ ಎಲ್ಲೆಲ್ಲಿ ಓಡಾಡಿದ್ದೆ, ಎಷ್ಟು ಸಲ ಚಕ್ಕುಲಿ ಡಬ್ಬ ತೆಗೆದಿದ್ದೆ ಎಂಬುದು ಒಂದು ಪ್ರಶ್ನೆಯನ್ನೂ ಕೇಳದೆ ಗೊತ್ತಾಯಿತು.

ಹೊಸ ಬೆಲ್ಟಿಗೆ ಎಸ್.ಪಿ. ರಸ್ತೆಗೆ ಹೋದೆ. ಬೆಂಗಳೂರಿನ ಆ ರಸ್ತೆಯಲ್ಲಿ ಸಿಕ್ಕದ ಬಿಡಿಭಾಗ ಇಲ್ಲ. ಒಂದು ಸಂದಿಯ ಅಂಗಡಿಯಲ್ಲಿ ವಯಸ್ಸಾದವರೊಬ್ಬರು ಕನ್ನಡಕ ಹಣೆಗೇರಿಸಿ, ಕಪಾಟಿನಿಂದ ಬೆಲ್ಟುಗಳ ಗೊಂಚಲು ತೆಗೆದು, ನನ್ನ ಮುಖ ನೋಡಿ ಕೇಳಿದರು:

"ಸಾರ್, ಬೆಲ್ಟ್ ಕೊಡ್ತೀನಿ. ಹಾಕೋಕೆ ಬರುತ್ತಾ?"

"ಓಹೋ, ಬರುತ್ತೆ."

"ಸೆಟ್ ಇಲ್ಲೇ ತಂದುಬಿಡಿ ಸಾರ್. ಕಾಲು ಗಂಟೆ ಕೆಲಸ."

ಕಾಲು ಗಂಟೆಯ ಕೆಲಸಕ್ಕೆ ಅಷ್ಟು ದೂರ ಹೊತ್ತು ತರುವುದೇ ಎಂದು ನಕ್ಕು ಬಂದೆ. ಅವರ ಮುಖದಲ್ಲಿ ಒಂದು ಮರುಕ ಕಂಡಿತ್ತು, ಟ್ರಾಫಿಕ್ಕಿಗೆ ಎಂದುಕೊಂಡೆ.

ಬೆಲ್ಟು ಹಾಕಿದೆ. ಅಪ್ಪಯ್ಯನ ಕ್ಯಾಸೆಟ್ಟನ್ನೇ ಮೊದಲು ಹಾಕಿ ಅಪಾಯ ಮೈಮೇಲೆಳೆದುಕೊಳ್ಳುವಷ್ಟು ದಡ್ಡ ನಾನಲ್ಲ. ಹೆಂಡತಿ ಮದುವೆಗೆ ಮುಂಚೆ ಕೊಂಡಿಟ್ಟುಕೊಂಡಿದ್ದ ಭಾವಗೀತೆಗಳ ಕ್ಯಾಸೆಟ್ಟು ಹಾಕಿದೆ. ಪ್ಲೇ ಒತ್ತಿದ ಕೂಡಲೇ ಒಳಗಿನಿಂದ ಕರಕರ ಶಬ್ದ, ಆಮೇಲೆ ಮೌನ. ಬಾಗಿಲು ತೆಗೆದರೆ ಟೇಪು ಯಂತ್ರದ ಕರುಳಿನಲ್ಲೆಲ್ಲ ಸುತ್ತಿಕೊಂಡಿತ್ತು. ಬೆಲ್ಟನ್ನು ನಾನು ಎಂಟರ ಆಕಾರದಲ್ಲಿ ತಿರುಚಿ ಹಾಕಿದ್ದರಿಂದ ಟೇಪು ಎಳೆಯುವ ಕಡ್ಡಿ ಉಲ್ಟಾ ತಿರುಗಿ, ಟೇಪನ್ನು ಸುತ್ತುವ ಬದಲು ಹೊರಗೆ ಉಗಿದಿತ್ತು. ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಒಳಗೆ ಹಾಕಿದೆ. ಈಗ ಅದರಲ್ಲಿ ಭಾವ ಇದೆ, ಗೀತೆ ಅಲ್ಲಲ್ಲಿ ಇದೆ.

ಬೆಲ್ಟು ನೇರವಾದ ಮೇಲೆ 'ಭೀಷ್ಮ ವಿಜಯ' ಹಾಕಿದೆ. ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. ಭೀಷ್ಮ ಬಾಯಿ ತೆರೆದ. ಮೂರನೇ ಕ್ಲಾಸಿನ ಹುಡುಗನ ದನಿ. ಆಜನ್ಮ ಬ್ರಹ್ಮಚರ್ಯದ ಪ್ರತಿಜ್ಞೆಯನ್ನು ಆ ದನಿಯಲ್ಲಿ ಕೇಳಿದರೆ ಅದರಲ್ಲಿ ತ್ಯಾಗ ಏನೂ ಕಾಣುವುದಿಲ್ಲ. "ಇದ್ಯಾರನಾ? ಬಾಲಗೋಪಾಲನ?" ಎಂದಳು ಅಮ್ಮ.

ಕ್ಯಾಸೆಟ್ಟಿನಲ್ಲಿ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. 1963ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಫಿಲಿಪ್ಸ್ ಕಂಪನಿಯವರು ಈ ಕ್ಯಾಸೆಟ್ಟನ್ನು ಲೋಕಕ್ಕೆ ತೋರಿಸಿದಾಗಿನಿಂದ ಅದು ಬದಲಾಗಿಲ್ಲ. ನಮ್ಮ ಮನೆಯಲ್ಲಿ ಬದಲಾಯಿತು. ಮೋಟಾರಿನ ಬೆನ್ನಿಗೆ ಒಂದು ಸಣ್ಣ ತೂತು ಇರುತ್ತದೆ, ತೂತಿನೊಳಗೆ ವೇಗ ಹೊಂದಿಸುವ ಸ್ಕ್ರೂ. ಬೆಲ್ಟಿನ ಅಂಟು ತೆಗೆಯುವಾಗ ಆ ತೂತಿನಲ್ಲೂ ಅಂಟಿದೆಯೇನೋ ಎಂದು ನಾನು ಸ್ಕ್ರೂಡ್ರೈವರ್ ಹಾಕಿ ಎರಡು ಸುತ್ತು ತಿರುಗಿಸಿ ನೋಡಿದ್ದೆ. ಈಗ ಹಿಂದಕ್ಕೆ ತಿರುಗಿಸಿದೆ. ಭೀಷ್ಮನಿಗೆ ಮೀಸೆ ಬಂತು. ಇನ್ನೊಂದು ಚೂರು ತಿರುಗಿಸಿದೆ, ಶರಶಯ್ಯೆಗೆ ಹೋದ. ಅಂಬೆ ಗಂಡಸಾದಳು. ಅವಳು ಶಿಖಂಡಿಯಾಗುವುದಕ್ಕೆ ಇನ್ನೂ ಒಂದು ಜನ್ಮ ಬಾಕಿ ಇದೆ, ನಾನು ಅವಸರ ಮಾಡಿದ್ದೆ. ಕೊನೆಗೆ ಅಮ್ಮ ಕಣ್ಣು ಮುಚ್ಚಿ ಕೇಳುತ್ತ, "ಇನ್ನೂ ಸ್ವಲ್ಪ... ಹಾಂ, ಈಗ ಭಾಗವತ್ರು ಭಾಗವತ್ರಾದ್ರು" ಎಂದಲ್ಲಿಗೆ ಸ್ಕ್ರೂ ಬಿಟ್ಟೆ. ಫಿಲಿಪ್ಸಿನವರ ಲೆಕ್ಕಕ್ಕಿಂತ ಅಮ್ಮನ ಕಿವಿಯೇ ವಾಸಿ.

ಅಮ್ಮನ ಕಿವಿಯೂ ಸೋತದ್ದು 'ಕೃಷ್ಣ ಸಂಧಾನ'ದಲ್ಲಿ. ಮೊದಲ ಮಗ್ಗುಲು ಸರಿಯಾಗಿತ್ತು. ಎರಡನೆಯದರ ನಡುವಿನಿಂದ ಎಲ್ಲರೂ ಒಂಚೂರು ಚುರುಕಾದರು. ಐದು ಊರು ಕೇಳುವ ಹೊತ್ತಿಗೆ ಕೃಷ್ಣ ಬಸ್ಸು ಹಿಡಿಯುವ ಅವಸರದಲ್ಲಿದ್ದ. ಕೌರವ ಒಂದೇ ಉಸಿರಿನಲ್ಲಿ ಆಗುವುದಿಲ್ಲ ಎಂದ. ಭಾಗವತರು ಮಂಗಳಪದ್ಯವನ್ನು ಸೊಳ್ಳೆಯ ಶ್ರುತಿಯಲ್ಲಿ ಹಾಡಿ ಮುಗಿಸಿದರು. ನಾನು ಮತ್ತೆ ಸ್ಕ್ರೂಡ್ರೈವರ್ ಹುಡುಕುತ್ತಿದ್ದಾಗ ಅಮ್ಮನಿಗೆ ಹೊಳೆಯಿತು: ಸೆಲ್ಲು! ಅಪ್ಪಯ್ಯ ಹೊಸ ಸೆಲ್ಲು ಕೊಳ್ಳಲು ಹಿಂದೆ ಮುಂದೆ ನೋಡುವವರು. ಮುಗಿದ ಸೆಲ್ಲನ್ನು ಅಡಿಕೆಯ ಜೊತೆ ಅಂಗಳದ ಬಿಸಿಲಿಗೆ ಹಾಕಿ, ಬೆಚ್ಚಗಾದ ಮೇಲೆ ಮತ್ತೆ ಒಂದು ಪ್ರಸಂಗಕ್ಕೆ ಹಾಕುತ್ತಿದ್ದರು. ಆ ಸೆಲ್ಲು ಬೆಳಗಿನ ಜಾವಕ್ಕೆ ಸುಸ್ತಾದಾಗ ರೆಕಾರ್ಡ್ ಮಾಡುವ ಟೇಪು ನಿಧಾನಕ್ಕೆ ಓಡುತ್ತದೆ. ನಿಧಾನಕ್ಕೆ ತುಂಬಿಕೊಂಡದ್ದನ್ನು ಸರಿಯಾದ ವೇಗದಲ್ಲಿ ಕೇಳಿದರೆ ಎಲ್ಲರಿಗೂ ಅವಸರ. ಇಂಥದ್ದನ್ನು ಕಂಪ್ಯೂಟರಿನಲ್ಲಿ ಸ್ವಲ್ಪ ಸ್ವಲ್ಪವೇ ನಿಧಾನ ಮಾಡುತ್ತ ಹೋಗಿ ಸರಿಪಡಿಸಬಹುದಂತೆ. ನಾನೂ ಮಾಡಿದೆ. ಎಳೆಯುವ ಗೆರೆಯನ್ನು ಎಡದಿಂದ ಬಲಕ್ಕೆ ಇಳಿಸುವ ಬದಲು ಏರಿಸಿದೆ. ನಮ್ಮ ಮನೆಯ ಪ್ರತಿಯಲ್ಲಿ ಸಂಧಾನ ಮುರಿದುಬೀಳಲು ಕೌರವನ ಹಟ ಕಾರಣವಲ್ಲ. ಯಾರಿಗೂ ಯಾರ ಮಾತೂ ಅರ್ಥವಾಗಿಲ್ಲ.

ಆದರೆ ಇದು ಆಮೇಲಿನ ಮಾತು. ಕಂಪ್ಯೂಟರಿಗೆ ಏರಿಸುವ ಮೊದಲ ಯತ್ನದಲ್ಲಿ ಕಂಪ್ಯೂಟರೇ ಇರಲಿಲ್ಲ. ಟೇಪ್ ರೆಕಾರ್ಡರ್ ಮುಂದೆ ಸ್ಟೀಲ್ ಲೋಟ ಬೋರಲು ಹಾಕಿ, ಅದರ ಮೇಲೆ ಫೋನ್ ಇಟ್ಟು, ರೆಕಾರ್ಡ್ ಒತ್ತಿ, ಬೆರಳು ತುಟಿಗಿಟ್ಟು ಮನೆಯವರನ್ನೆಲ್ಲ ನೋಡಿದೆ. ಸಿ-60 ಕ್ಯಾಸೆಟ್ಟಿನ ಒಂದು ಮಗ್ಗುಲು ಅರ್ಧ ಗಂಟೆ. ಅರ್ಧ ಗಂಟೆಯ ಕ್ಯಾಸೆಟ್ಟನ್ನು ಏರಿಸಲು ಅರ್ಧ ಗಂಟೆಯೇ ಬೇಕು, ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದರೂ ಅದನ್ನು ಐದು ನಿಮಿಷಕ್ಕೆ ಇಳಿಸಲು ಮನೆಯಲ್ಲಿ ಸಾಧ್ಯವಿಲ್ಲ. ಬೆಂಗಳೂರಿನ ಮನೆಯಲ್ಲಿ ಅರ್ಧ ಗಂಟೆ ಮೌನ! ಕಸದ ಗಾಡಿ ಹಾಡುತ್ತ ಬಂತು. ಕೊರಿಯರ್ ಹುಡುಗ ಬೆಲ್ ಒತ್ತಿದ. ಮೇಲಿನ ಮನೆಯವರು ಮಂಚ ಎಳೆದರು. ಅಮ್ಮ ಪ್ರತಿ ಪದ್ಯಕ್ಕೂ ತಲೆದೂಗಿ, "ಇದು ನಮ್ಮ ಮನೆ ಜಗಲೀಲೇ ಆಗಿದ್ದು, ಅವತ್ತು ಪಾಯಸಕ್ಕೆ ಬೆಲ್ಲ ಕಡಿಮೆ ಆಗಿತ್ತು" ಎಂದು ಟಿಪ್ಪಣಿ ಸೇರಿಸಿದಳು. ಆಮೇಲೆ ಹಾಕಿ ಕೇಳಿದರೆ, ಅಂಬೆಯ ಅಳುವಿನ ನಡುವೆ ಕುಕ್ಕರು ಕೂಗಿತು. ಸ್ವಲ್ಪ ದೂರದಿಂದ ಇನ್ನೊಂದು ಕುಕ್ಕರು ಉತ್ತರ ಕೊಟ್ಟಿತು. ಒಂದು ನಮ್ಮ ಅಡುಗೆಮನೆಯದು, ಇನ್ನೊಂದು 1986ರದು. ಯಾವುದು ಯಾವುದೆಂದು ಅಮ್ಮ ಮಾತ್ರ ಹೇಳಬಲ್ಲವಳಾಗಿದ್ದಳು. "ಮುಂಚಿಂದು ನಂದು. ನೋಡು, ಎಷ್ಟು ಸ್ಪಷ್ಟ ಕೂಗ್ತಿತ್ತು."

ಪುಣೆಯಲ್ಲಿ ಕೆಲಸ ಮಾಡುವ ಮಗ ಫೋನಿನಲ್ಲಿ ಕೇಳಿಸಿಕೊಂಡು, "ಅಪ್ಪಾ, ಫೋನ್ ಹಿಡೀಬೇಡ, ವೈರ್ ಹಾಕು" ಎಂದ. ವೈರ್ ತಂದೆ. ಇಯರ್‌ಫೋನಿನ ತೂತಿನಿಂದ ಲ್ಯಾಪ್‌ಟಾಪಿನ ಮೈಕಿನ ತೂತಿಗೆ. ಮೈಕಿನ ತೂತು ಪಿಸುಮಾತಿನಷ್ಟು ಸಣ್ಣ ವಿದ್ಯುತ್ತಿಗೆ ಮಾಡಿದ್ದು; ನಾನು ಅದರೊಳಗೆ ಚೆಂಡೆ ನುಗ್ಗಿಸಿದೆ. ಪರದೆಯ ಮೇಲೆ ಅಲೆಗಳ ಬದಲು ಹಲಗೆ ಮೂಡಿತು. ವಾಲ್ಯೂಮು ತಗ್ಗಿಸಿದರೆ ಚೆಂಡೆ ಸರಿಯಾಯಿತು, ಮಾತು ಮಾಯವಾಯಿತು. ಜೊತೆಗೆ ಒಂದು ಗುಂಯ್. ಮನೆಯ ಕರೆಂಟಿನ 50 ಹರ್ಟ್ಸಿನ ಗುಂಯ್‌ಗುಡುವಿಕೆ ಚಾರ್ಜರಿನ ವೈರಿನಿಂದ ಹತ್ತಿ ಬರುತ್ತಿತ್ತು. ಚಾರ್ಜರ್ ಕಿತ್ತೆ. ಗುಂಯ್ ನಿಂತಿತು. ಆ ನಿಶ್ಶಬ್ದದಲ್ಲಿ ಹಿಗ್ಗಿ, ಕಾಫಿ ಕುಡಿಯಲು ಹೋದೆ. ಬರುವಷ್ಟರಲ್ಲಿ ಬ್ಯಾಟರಿ ಮುಗಿದು ಲ್ಯಾಪ್‌ಟಾಪ್ ಮಲಗಿತ್ತು. ಟೇಪ್ ರೆಕಾರ್ಡರಿನಲ್ಲಿ ಕರ್ಣ ಕೇಳುವವರಿಲ್ಲದೆ ಶಲ್ಯನಿಗೆ ಬೈಯುತ್ತಿದ್ದ.

ಆಮೇಲೆ ಯುಎಸ್‌ಬಿಯ ಒಂದು ಸಣ್ಣ ಡಬ್ಬ ತರಿಸಿದೆ. ಅದರಿಂದ ಕೆಲಸ ನಿಜಕ್ಕೂ ಸಲೀಸಾಯಿತು, ಹಾಗಾಗಿ ಅದರ ಬಗ್ಗೆ ಹೇಳಲು ಏನೂ ಇಲ್ಲ.

ಹೇಳಬೇಕಾದದ್ದು ಶುಚಿಯ ಬಗ್ಗೆ. ಬೂಷ್ಟು ಹಿಡಿದ ಟೇಪು ಓಡಿದಾಗ ಆ ಬೂಷ್ಟು ಹೆಡ್ಡಿಗೆ ಅಂಟುತ್ತದೆ, ಹೆಡ್ಡಿನಿಂದ ಮುಂದಿನ ಕ್ಯಾಸೆಟ್ಟಿಗೆ ಹೋಗುತ್ತದೆ. ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಬೇಕು. ಸ್ಪಿರಿಟ್ಟಿಗಾಗಿ ಮೆಡಿಕಲ್ ಶಾಪಿಗೆ ಯಾಕೆ ಹೋಗುವುದು, ಕೊರೊನಾ ಕಾಲದಲ್ಲಿ ಕೊಂಡ ಸ್ಯಾನಿಟೈಸರ್ ಕ್ಯಾನು ಅರ್ಧಕ್ಕರ್ಧ ಹಾಗೇ ಇದೆಯಲ್ಲ! ಅದೂ ಸ್ಪಿರಿಟ್ಟೇ. ಕೈ ಒಡೆಯದಿರಲೆಂದು ಅದಕ್ಕೆ ಗ್ಲಿಸರಿನ್ ಬೆರೆಸಿರುತ್ತಾರೆ, ಅಷ್ಟೇ ವ್ಯತ್ಯಾಸ. ಸ್ಪಿರಿಟ್ಟು ಹಾರಿಹೋಯಿತು, ಗ್ಲಿಸರಿನ್ ಉಳಿಯಿತು. ಟೇಪು ಅಂದರೆ ಪ್ಲಾಸ್ಟಿಕ್ಕಿನ ಪಟ್ಟಿಯ ಮೇಲೆ ಸವರಿದ ಕಬ್ಬಿಣದ ಆಕ್ಸೈಡು, ಮನೆಮಾತಿನಲ್ಲಿ ತುಕ್ಕು. ಅಪ್ಪಯ್ಯ ಗಳಿಸಿದ ಆಸ್ತಿಯೆಲ್ಲ ಆ ತುಕ್ಕಿನ ಪುಡಿಯಲ್ಲಿತ್ತು. ಅದು ಗ್ಲಿಸರಿನ್ನಿಗೆ ಅಂಟಿ, ಕಿರ್ರೆಂದು ಕಿರುಚಿ, ಅಲ್ಲಲ್ಲಿ ಹೆಡ್ಡಿನ ಮೇಲೇ ಉಳಿಯಿತು. ಹೆಡ್ಡಿನ ಮೇಲೆ ಕಂಡ ಕಂದು ಕಲೆಯನ್ನು ನಾನು ಮತ್ತೆ ಸ್ಯಾನಿಟೈಸರಿನಿಂದ ಒರೆಸಿದೆ.

'ಗದಾಯುದ್ಧ' ಹಾಳಾದದ್ದು ಹಾಗಲ್ಲ. ಅದನ್ನು ನಾನು ಕೈಯಾರೆ ಚೊಕ್ಕ ಮಾಡಿದೆ.

ಅಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಒಳ್ಳೆಯದು. ಅದರಲ್ಲಿ ಹಿಂದಿನ ಸುಯ್ ಸದ್ದನ್ನು ತೆಗೆಯುವ ವಿದ್ಯೆ ಇದೆ. ಮಾತಾಗಲಿ ಹಾಡಾಗಲಿ ಇಲ್ಲದ, ಬರಿ ಸದ್ದಷ್ಟೇ ಇರುವ ಒಂದೆರಡು ಸೆಕೆಂಡಿನ ತುಣುಕನ್ನು ಗುರುತು ಹಾಕಿ, 'ನೋಡಪ್ಪಾ, ಇದು ಸದ್ದು' ಎಂದು ಅದಕ್ಕೆ ಕಲಿಸಬೇಕು. ಆಮೇಲೆ ಇಡೀ ಕ್ಯಾಸೆಟ್ಟಿನಲ್ಲಿ ಅಂಥದ್ದು ಎಲ್ಲಿದ್ದರೂ ಹುಡುಕಿ ತೆಗೆದುಹಾಕುತ್ತದೆ. ಬಹಳ ವಿಧೇಯ ಶಿಷ್ಯ. ಗುರುವನ್ನು ನೋಡಿಕೊಂಡು ಸೇರಬೇಕಿತ್ತು, ಅಷ್ಟೆ. ಗದಾಯುದ್ಧದ ಶುರುವಿನಲ್ಲಿ ಭಾಗವತರು ಬಾಯಿ ತೆರೆಯುವ ಮೊದಲು ಒಳ್ಳೆಯ ಖಾಲಿ ಜಾಗ ಇತ್ತು. ಸುಯ್ ಎನ್ನುವ ಟೇಪಿನ ಸದ್ದು, ಅದರ ಜೊತೆ ಏನೋ ಒಂದು ಉದ್ದಕ್ಕೆ ಮೊರೆಯುವುದು. ಅದನ್ನು ಗುರುತು ಹಾಕಿ ಕಲಿಸಿದೆ. ಉದ್ದಕ್ಕೆ ಮೊರೆಯುತ್ತಿದ್ದುದು ಶ್ರುತಿಪೆಟ್ಟಿಗೆ.

ತಂತ್ರಾಂಶ ಶ್ರುತಿಯನ್ನು ಬೇರುಸಹಿತ ಕಿತ್ತಿತು. ಭಾಗವತರು ಶ್ರುತಿಗೆ ಕರೆಕ್ಟಾಗಿ ಹಾಡುವವರು, ಹಾಗಾಗಿ ಅವರ ದನಿಯಲ್ಲಿ ಶ್ರುತಿಗೆ ಸೇರಿದ್ದೆಲ್ಲ ಸದ್ದಿನ ಲೆಕ್ಕಕ್ಕೆ ಹೋಯಿತು. ಚೆನ್ನಾಗಿ ಹಾಡಿದ ಕಡೆಯೆಲ್ಲ ಅವರು ಮಾಯ; ಎಲ್ಲಿ ಸ್ವಲ್ಪ ತಪ್ಪಿದರೋ ಅಲ್ಲಿ ಮಾತ್ರ ಕೇಳಿಸುತ್ತಿದ್ದರು. ಉಳಿದವರ ಮಾತೆಲ್ಲ ನೀರಿನಡಿಯಿಂದ ಗುಳುಗುಳು ಬರುತ್ತಿತ್ತು. ನಮ್ಮ ಭಾವನ ಮಗ ಕೇಳಿ, "ಮಾವಾ, ಕೌರವ ವೈಶಂಪಾಯನ ಸರೋವರದೊಳಗೆ ಅಡಗಿದ್ದಾನಲ್ಲ, ಎಫೆಕ್ಟು ಸಖತ್ತಾಗಿದೆ" ಎಂದ. ಭೀಮನೂ ನೀರಿನೊಳಗಿಂದಲೇ ಕರೆಯುತ್ತಿದ್ದ ಎಂಬುದೊಂದು ಬಿಟ್ಟರೆ ಅವನು ಹೇಳಿದ್ದು ಸರಿ. ಮೂಲವನ್ನು ಬೇರೆ ಇಟ್ಟುಕೊಂಡು ನಕಲಿನ ಮೇಲೆ ಇಂಥ ಪ್ರಯೋಗ ಮಾಡಬೇಕು. ಒಳ್ಳೆಯ ಗುಣಮಟ್ಟದ ಫೈಲು ನಿಮಿಷಕ್ಕೆ ಸುಮಾರು 10 ಎಂಬಿ, ಗಂಟೆಗೆ 600 ಎಂಬಿ ತಿನ್ನುತ್ತದೆ. ಜಾಗ ಉಳಿಸಲು ಅದರ ಮೇಲೇ ಸೇವ್ ಮಾಡಿದೆ. ಮತ್ತೆ ಕ್ಯಾಸೆಟ್ಟಿನಿಂದ ಏರಿಸೋಣವೆಂದರೆ, ಅದು ಸ್ಯಾನಿಟೈಸರಿನ ಕಾಲದ ಕ್ಯಾಸೆಟ್ಟು.

ತುಂಡಾದ ಟೇಪನ್ನು ಅಂಟಿಸುವುದರಲ್ಲಿ ಮಾತ್ರ ನನಗೆ ಒಂದು ಅನಿರೀಕ್ಷಿತ ಯಶಸ್ಸು ಸಿಕ್ಕಿತು. ಟೇಪಿನ ಅಗಲ 3.81 ಮಿಲಿಮೀಟರ್, ಅಷ್ಟೆ. ಅದರಲ್ಲೇ ಅರ್ಧ ಈ ಮಗ್ಗುಲಿಗೆ, ಅರ್ಧ ಆ ಮಗ್ಗುಲಿಗೆ. ಈ ಮಗ್ಗುಲಿನದು ಹೋಗುವ ದಿಕ್ಕಿಗೆ ಆ ಮಗ್ಗುಲಿನದು ಎದುರು ದಿಕ್ಕು. ನಾನು ಸೆಲ್ಲೊಟೇಪು ಹಚ್ಚುವಾಗ ಒಂದು ತುದಿ ಮಗುಚಿ ಕೂತಿತ್ತು. ಹಾಕಿದರೆ ದೂರದಿಂದ, ಮಂಕಾಗಿ, ಗಂಭೀರವಾದ ಗಂಡು ದನಿಯಲ್ಲಿ ಯಾವ ಭಾಷೆಯೂ ಅಲ್ಲದ ಮಾತು ಕೇಳಿಬಂತು. ಅಮ್ಮ ಎದ್ದು ಕೂತಳು. ಅಜ್ಜಯ್ಯನಿಗೆ ಏನೋ ಮಂತ್ರಸಿದ್ಧಿ ಇತ್ತೆಂದು ನಮ್ಮ ಮನೆಯಲ್ಲಿ ಪ್ರತೀತಿ. ಅದನ್ನು ಅವರು ಯಾರಿಗೂ ಹೇಳಿಕೊಡದೆ ಹೋಗಿದ್ದರು. ಅಮ್ಮ ಕೈಮುಗಿದಳು. ನಾನೂ ಮುಗಿದೆ. ಹೆಂಡತಿ ಒಗ್ಗರಣೆ ಆರಿಸಿ ಬಂದು ನಿಂತಳು. ಮಂತ್ರವನ್ನು ಫೈಲಿಗೆ ಏರಿಸಿ, ಮಗನಿಗೂ ಊರಿನ ಪುರೋಹಿತರಿಗೂ ಕಳಿಸಿದೆ. ಅವರು ಮರ್ಯಾದಸ್ಥರು, ಅಥರ್ವಣದ ಛಾಯೆ ಇದೆ ಎಂದರು. ಮಗ ಮಾತ್ರ ಆ ಕಡೆಯಿಂದ ಫೈಲನ್ನು ಹಿಂದುಮುಂದಾಗಿ ತಿರುಗಿಸಿ ವಾಪಸು ಕಳಿಸಿದ. ಭದ್ರಾವತಿ ಆಕಾಶವಾಣಿಯ ಅಡಿಕೆ ಧಾರಣೆ. ಅಪ್ಪಯ್ಯ ಆ ಮಗ್ಗುಲಿಗೆ ರೇಡಿಯೋದಿಂದ ತುಂಬಿಕೊಂಡದ್ದು. ಅಮ್ಮನಿಗೆ ಅಂಥ ನಿರಾಸೆಯೇನೂ ಆಗಲಿಲ್ಲ. "ಅದೂ ಮಂತ್ರವೇ ಬಿಡು. ಅವತ್ತು ಆ ರೇಟು ಬಂದಿದ್ದಕ್ಕೆ ನಿನ್ನ ಕಾಲೇಜು ಫೀಸು ಕಟ್ಟಿದ್ದು" ಎಂದಳು. ಪುರೋಹಿತರಿಗೆ ನಾನಿನ್ನೂ ಹೇಳಿಲ್ಲ.

ಇಷ್ಟೆಲ್ಲ ಆಗಿಯೂ ನಮ್ಮ ಸಂಗ್ರಹದಲ್ಲಿ ಒಂದು ಭಾಗ ಎಲ್ಲ ಕಡೆಯೂ ಸ್ವಚ್ಛವಾಗಿ, ಸ್ಪಷ್ಟವಾಗಿ ಉಳಿದಿದೆ. ಜಗಲಿಯ ತಾಳಮದ್ದಳೆಯಲ್ಲಿ ಅಪ್ಪಯ್ಯ ಟೇಪ್ ರೆಕಾರ್ಡರನ್ನು ಕರೆಂಟಿನ ಪ್ಲಗ್ಗು ಇರುವ ಕಡೆ ಇಡುತ್ತಿದ್ದರು. ಪ್ಲಗ್ಗು ಇದ್ದದ್ದು ನಡುಮನೆಯ ಬಾಗಿಲ ಬಳಿ. ಬಾಗಿಲ ಬಳಿ ಕೂರುತ್ತಿದ್ದದ್ದು ಹೆಂಗಸರು. ಅರ್ಥಧಾರಿಗಳು ದೂರ, ಹೆಂಗಸರು ಹತ್ತಿರ. ವಾಲಿ ಅಲ್ಲೆಲ್ಲೋ ಸಾಯುತ್ತಿರುತ್ತಾನೆ, ಇಲ್ಲಿ ಯಾರ ಮಗಳ ನಿಶ್ಚಿತಾರ್ಥ ಯಾಕೆ ಮುರಿಯಿತು ಎಂಬುದರ ಅರ್ಥಗಾರಿಕೆ ನಡೆದಿರುತ್ತದೆ. ಆ ಅರ್ಥಗಾರಿಕೆಯನ್ನು ಸದ್ದು ಎಂದು ತಂತ್ರಾಂಶಕ್ಕೆ ಕಲಿಸಿದರೂ ಅದು ಒಪ್ಪಲಿಲ್ಲ. ಅದರ ಲೆಕ್ಕದಲ್ಲಿ ಸದ್ದು ವಾಲಿಯದು.

ಅಂಥ ಒಂದು ಕಡೆ ಅಮ್ಮನ ಎಳೆ ಪ್ರಾಯದ ದನಿ ಅತ್ತೆಯ ಹತ್ತಿರ ಹೇಳುತ್ತಿದೆ: "ಆ ಮಾಣಿ ಕೈಗೆ ಟೇಪ್ ರೆಕಾರ್ಡರ್ ಕೊಡಬೇಡಿ ಅಂದ್ರೆ ಇವರು ಕೇಳೂದಿಲ್ಲ. ಮೊನ್ನೆ ಗಡಿಯಾರ ಬಿಚ್ಚಿ ಇಟ್ಟ. ಜೋಡಿಸಿದ ಮೇಲೆ ಎರಡು ಚಕ್ರ ಮಿಕ್ಕಿತ್ತು. ಅದರ ಕೈ ಬಿದ್ದಿದ್ದು ಒಂದಾದ್ರೂ ನೆಟ್ಟಗಾದ್ದುಂಟಾ?" ಮಾಣಿ ನಾನು. ನನ್ನ ಹೆಂಡತಿ ಆ ತುಣುಕನ್ನು ಕತ್ತರಿಸಿ ಕೊಡಲು ಕೇಳಿದಳು. ನಾನು ಕತ್ತರಿಸಿದರೆ ಏನಾಗುತ್ತದೋ ಎಂದು ಆಮೇಲೆ ಮಗನಿಂದಲೇ ಮಾಡಿಸಿಕೊಂಡಳು. ಈಗ ನಾನು ಆಫೀಸಿನಿಂದ ಫೋನ್ ಮಾಡಿದಾಗಲೆಲ್ಲ ಅವಳ ಫೋನಿನಲ್ಲಿ ರಿಂಗ್‌ಟೋನಾಗಿ ಅಮ್ಮ ಅದೇ ಮಾತು ಹೇಳುತ್ತಾಳೆ. ತರಕಾರಿ ಅಂಗಡಿಯವನಿಗೂ ಬಾಯಿಪಾಠ ಬರುತ್ತದೆ.

ಇಲ್ಲಿಗೇ ನಿಲ್ಲಿಸಿದ್ದರೆ ನಷ್ಟ ನನ್ನೊಬ್ಬನದಾಗಿರುತ್ತಿತ್ತು. ಕ್ಯಾಸೆಟ್ಟಿನ ಒಂದು ದೊಡ್ಡ ಗುಣವೆಂದರೆ ಅದು ಡಬ್ಬದಲ್ಲಿ ಸುಮ್ಮನೆ ಬಿದ್ದಿರುತ್ತದೆ. ಫೈಲಿಗೆ ಆ ಸಂಸ್ಕಾರ ಇಲ್ಲ. ನಮ್ಮ ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಶಿವಮೊಗ್ಗದಿಂದ ನ್ಯೂಜೆರ್ಸಿವರೆಗಿನ ನೆಂಟರಿದ್ದಾರೆ. ಏರಿಸಿದ್ದನ್ನೆಲ್ಲ ಪೂರ್ತಿ ಕೇಳದೆ ಅಲ್ಲಿಗೆ ಹಾಕಿದೆ. ಅದರಲ್ಲಿ ದೊಡ್ಡಪ್ಪನ ಕ್ಯಾಸೆಟ್ಟು ಒಂದು ಇತ್ತು. ದೊಡ್ಡಪ್ಪ ಆಗ ಮುಂಬಯಿಯಲ್ಲಿ ಹೋಟೆಲ್ ಮ್ಯಾನೇಜರು. ಎಸ್‌ಟಿಡಿಗೆ ದುಡ್ಡು ಜಾಸ್ತಿಯೆಂದು, ಕಾಗದ ಬರೆಯಲು ಬೇಸರವೆಂದು, ಮಾತಾಡಿ ತುಂಬಿದ ಕ್ಯಾಸೆಟ್ಟನ್ನು ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಮಳೆ, ಬೆಳೆ, ಮುಂಬಯಿಯ ಲೋಕಲ್ ರೈಲು, ಮಕ್ಕಳ ಪರೀಕ್ಷೆ ಎಲ್ಲ ಆದ ಮೇಲೆ ಅದರಲ್ಲಿ ಹೇಳಿದ್ದರು: "ತಮ್ಮಾ, ಬೇಲಿ ಹತ್ರದ ಆ ಹಲಸಿನ ಮರ ನಿಂದೇ ಇಟ್ಕೋ ಮಾರಾಯ. ನಂಗೆ ಎಂತಕ್ಕೆ?"

ಆ ಮರದ ವಿಷಯಕ್ಕೆ ಅಪ್ಪಯ್ಯನೂ ದೊಡ್ಡಪ್ಪನೂ ಎಷ್ಟೋ ವರ್ಷ ಮಾತು ಬಿಟ್ಟಿದ್ದರು. ಮರ ಈಗ ದೊಡ್ಡಪ್ಪನ ಹೊಸ ಮನೆಯ ಮುಂಬಾಗಿಲು. ನ್ಯೂಜೆರ್ಸಿಯ ತಂಗಿ ಫೈಲು ಕೇಳಿ ಬರಿ ಒಂದು ಬಾಗಿಲಿನ ಚಿತ್ರ ಹಾಕಿದಳು. ಯಾರೋ ಕೈಮುಗಿದರು, ಯಾರೋ ನಗೆಯ ಮುಖ ಒತ್ತಿದರು, ದೊಡ್ಡಪ್ಪನ ಸೊಸೆ ಗುಂಪು ಬಿಟ್ಟಳು. ಎಂಬತ್ತು ದಾಟಿದ ದೊಡ್ಡಪ್ಪ ರಾತ್ರಿಯೇ ಫೋನ್ ಮಾಡಿದರು.

"ಅದು ನಾನಲ್ಲ ಕಣಾ."

"ದೊಡ್ಡಪ್ಪ, ನಿಮ್ಮದೇ ದನಿ..."

"ಈಗ ಎಂಥದೋ ಎಐ ಅಂತೆ, ಯಾರ ದನಿ ಬೇಕಾದ್ರೂ ಮಾಡ್ತಾರಂತೆ. ಪೇಪರಲ್ಲಿ ದಿನಾ ಬರ್ತದೆ. ನೀನು ಕಂಪ್ಯೂಟರಲ್ಲಿ ಎಂತೆಂಥದೋ ಮಾಡ್ತಿದಿಯಾ ಅಂತ ನಿನ್ನ ಅಮ್ಮನೇ ಹೇಳಿದ್ಲು."

ನಾನು ಏನೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಅವರು ನನ್ನ ಬಗ್ಗೆ ಅಷ್ಟು ದೊಡ್ಡ ಅಭಿಪ್ರಾಯ ಇಟ್ಟುಕೊಂಡದ್ದಕ್ಕೆ ಒಳಗೊಳಗೇ ಖುಷಿಯೂ ಆಗಿತ್ತು. ಮೂಲ ಕ್ಯಾಸೆಟ್ಟು ತೋರಿಸು ಎಂದು ಕೇಳಿದರೆ ತೋರಿಸಬೇಕಲ್ಲ ಎಂದು ಮರುದಿನ ಡಬ್ಬ ತೆಗೆದೆ. ಅದು ಸೆಲ್ಲೊಟೇಪಿನ ಅಂಟಿಗೆ ಸುರುಳಿ ಸುರುಳಿಯೇ ಕಚ್ಚಿಕೊಂಡು ಒಂದು ಗಾಲಿಯಾಗಿತ್ತು.

ಈಗ ಓದುಗರಲ್ಲಿ ಒಂದು ವಿನಂತಿ. ಎಂಬತ್ತರ ದಶಕದಲ್ಲಿ ತೀರ್ಥಹಳ್ಳಿ, ಕೊಪ್ಪ, ಹೊಸನಗರ ಕಡೆ ನಡೆದ ಯಾವುದಾದರೂ ಗದಾಯುದ್ಧ ತಾಳಮದ್ದಳೆಯ ಕ್ಯಾಸೆಟ್ಟು ನಿಮ್ಮ ಮನೆಯ ಅಟ್ಟದಲ್ಲಿದ್ದರೆ ದಯವಿಟ್ಟು ಹುಡುಕಿ. ಕೌರವ ಸರೋವರಕ್ಕೆ ಇಳಿಯುವಲ್ಲಿಂದ ಮೇಲೆ ಬರುವವರೆಗಿನ ಭಾಗ ಸಾಕು. ಅಮ್ಮನಿಗೆ ಅದು ಶ್ರುತಿ ಸಮೇತ ಬೇಕಂತೆ. ಕ್ಯಾಸೆಟ್ಟನ್ನು ಮಾತ್ರ ನನಗೆ ಕಳಿಸಬೇಡಿ. ನೀವೇ ಟೇಪ್ ಹಾಕಿ, ಮುಂದೆ ಫೋನ್ ಇಟ್ಟು ರೆಕಾರ್ಡ್ ಮಾಡಿ ಕಳಿಸಿ. ಕುಕ್ಕರು ಕೂಗಿದರೂ ಅಡ್ಡಿಯಿಲ್ಲ.